ಚರ್ಚ್ ಕಟ್ಟಡದ ಕೀಲಿಕೈ ಯಾರ ಯಾರ ಹತ್ತಿರ ಇದೆ ಅಂತಲೇ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಹೊಸ ಸೆಕ್ರೆಟರಿ

ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚ್ ಕಟ್ಟಡದ ಉಸ್ತುವಾರಿ ಈಚೆಗೆ ನನ್ನ ತಲೆ ಮೇಲೆ ಬಿದ್ದಿದೆ. ಭಾನುವಾರ ಮಾತ್ರ ತೆರೆಯುವ ಕಟ್ಟಡ ಅಲ್ಲ ಇದು. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಹಾಲ್‌ನಲ್ಲಿ ಚಿಕ್ಕ ಮಕ್ಕಳ ಗುಂಪು, ಸಂಜೆ ಕಾಯರ್ (ಹಾಡುವ ತಂಡ) ಪ್ರಾಕ್ಟೀಸ್, ರಾತ್ರಿ ಕುಡಿತ ಬಿಟ್ಟವರ ಸಭೆ. ನಡುನಡುವೆ ಮದುವೆ, ಅಂತ್ಯಕ್ರಿಯೆ, ಹೊರಗಿನವರಿಗೆ ಬಾಡಿಗೆ. ಒಂದು ಗುಂಪು ಹೊರಗೆ ಹೋಗುವಷ್ಟರಲ್ಲಿ ಇನ್ನೊಂದು ಗುಂಪು ಬಾಗಿಲಲ್ಲಿ ನಿಂತಿರುತ್ತದೆ.

ಸಮಸ್ಯೆ ಏನೆಂದರೆ, ಒಟ್ಟು ಎಷ್ಟು ಕೀಲಿಕೈ ಹೊರಗಿವೆ ಅಂತ ಯಾರಿಗೂ ಗೊತ್ತಿಲ್ಲ. ಹಿಂದಿನ ಕಮಿಟಿಯವರು ಕೇಳಿದವರಿಗೆಲ್ಲ ಮಾಡಿಸಿ ಕೊಟ್ಟಿದ್ದಾರೆ. ಊರು ಬಿಟ್ಟು ಹೋದವರ ಹತ್ತಿರ ಇದೆ. ಜಗಳ ಮಾಡಿಕೊಂಡು ಬೇರೆ ಸಭೆ ಸೇರಿದವರ ಹತ್ತಿರವೂ ಇದೆಯಂತೆ. ಮೊನ್ನೆ ಬೆಳಿಗ್ಗೆ ಬಂದು ನೋಡಿದರೆ ಹಿಂದಿನ ಬಾಗಿಲು ಬರೀ ಒರಗಿಸಿದ ಹಾಗಿತ್ತು. ಬೀಗ ಒಡೆದಿಲ್ಲ, ಏನೂ ಹೋಗಿಲ್ಲ. ರಾತ್ರಿ ಕೊನೆಗೆ ಹೋದವರು ಯಾರು ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ನಾನು ಹೊರಟಾಗ ಇನ್ನೂ ಜನ ಇದ್ದರು."

ಕಮಿಟಿಯಲ್ಲಿ ಒಬ್ಬರಿಗೆ ಎಲ್ಲ ಕಡೆ ಕ್ಯಾಮೆರಾ ಬೇಕು. ಇನ್ನೊಬ್ಬರಿಗೆ ಕಾರ್ಡ್ ಹಿಡಿದರೆ ತೆರೆಯುವ ಬಾಗಿಲು ಬೇಕು. ಹಿರಿಯರು "ದೇವರ ಮನೆಗೆ ಇಷ್ಟೊಂದು ಬೀಗ ಯಾಕೆ" ಅನ್ನುತ್ತಾರೆ. ದುಡ್ಡಿರುವುದು ಯಾವುದಾದರೂ ಒಂದಕ್ಕೆ ಮಾತ್ರ. ಅನುಭವ ಇದ್ದವರು ಹೇಳಿ.

ಸುಮ್ನೆ ಓದುವವ

ಕ್ಯಾಮೆರಾ ಹಾಕಿಸಿದರೆ ಬಾಗಿಲು ಹೇಗೆ ತೆರೆದೇ ಇತ್ತು ಅನ್ನೋದನ್ನ ಒಳ್ಳೆ ಕ್ವಾಲಿಟಿಯಲ್ಲಿ ನೋಡಬಹುದು, ಅಷ್ಟೇ.

ಬೀಗದ ಕೆಲಸದವ

ಮೊದಲು ಬೀಗ. ಆಮೇಲೆ ಉಳಿದದ್ದು. ಹೊರಗೆ ಎಷ್ಟು ಕೀ ಇವೆ ಅಂತ ಗೊತ್ತಿಲ್ಲದ ಬೀಗ ಬೀಗವೇ ಅಲ್ಲ.

ಇಡೀ ಬೀಗ ಕಿತ್ತು ಹಾಕಬೇಕಾಗಿಲ್ಲ. ಸಿಲಿಂಡರ್ ಮಾದರಿಯದಾದರೆ ಸಿಲಿಂಡರ್, ಅಂದರೆ ಕೀ ತೂರಿಸುವ ಒಳಭಾಗ, ಮಾತ್ರ ಬಿಚ್ಚಿ ಹೊಸದು ಹಾಕಿದರೆ ಸಾಕು, ಹಳೆ ಕೀಗಳೆಲ್ಲ ಆ ಕ್ಷಣಕ್ಕೆ ತಗಡಿನ ಚೂರು. ಹಾಕುವಾಗ ನಿರ್ಬಂಧಿತ ಪ್ರೊಫೈಲ್‌ನದ್ದನ್ನು ಕೇಳಿ. ಅದರ ಖಾಲಿ ಕೀ (ಇನ್ನೂ ಹಲ್ಲು ಕೊರೆಯದ್ದು) ರಸ್ತೆ ಬದಿಯ ಅಂಗಡಿಯಲ್ಲಿ ಸಿಗುವುದಿಲ್ಲ. ಕಂಪನಿಗೆ ನಿಮ್ಮ ಸಹಿ ಇರುವ ಪತ್ರ ಅಥವಾ ಕಾರ್ಡ್ ತೋರಿಸಿದರೆ ಮಾತ್ರ ನಕಲು ಮಾಡಿಕೊಡುತ್ತಾರೆ. ಕೆಲವರು ಕೀ ಮೇಲೆ "ನಕಲು ಮಾಡಬಾರದು" ಅಂತ ಕೊರೆಸಿಕೊಂಡು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಮಾಡುವವನು ಅದನ್ನ ಓದಿ ನಕ್ಕು ಮಾಡಿಕೊಡುತ್ತಾನೆ.

ಪ್ರತಿ ಕೀ ಮೇಲೂ ನಂಬರ್ ಇರಲಿ. ಚರ್ಚ್ ಹೆಸರು ಬೇಡ, ಬಾಗಿಲ ಹೆಸರೂ ಬೇಡ, ಬರೀ ನಂಬರ್. ಒಂದು ಪುಸ್ತಕ, ತಗೊಂಡವರ ಸಹಿ, ವಾಪಸ್ ಕೊಟ್ಟ ದಿನ.

ವೈರಿಂಗ್ ಅಣ್ಣ

ಬೀಗದ ಕೆಲಸದವರ ಮಾತಿಗೆ ಪೂರ್ತಿ ಒಪ್ಪುವುದಿಲ್ಲ. ಇಷ್ಟು ಗುಂಪು ಬಂದು ಹೋಗುವ ಕಟ್ಟಡದಲ್ಲಿ ಲೋಹದ ಕೀ ಇಟ್ಟುಕೊಂಡರೆ ಒಂದು ಕಳೆದರೂ ಮತ್ತೆ ಸಿಲಿಂಡರ್, ಮತ್ತೆ ಎಲ್ಲರಿಗೂ ಹೊಸ ಕೀ. ಕಾರ್ಡ್ ಅಥವಾ ಟ್ಯಾಗ್ ಆದರೆ ಕಳೆದ ತಕ್ಷಣ ಅದೊಂದನ್ನು ರದ್ದು ಮಾಡಿದರೆ ಮುಗಿಯಿತು. ಕಾಯರ್‌ನವರ ಟ್ಯಾಗ್ ಅವರ ಪ್ರಾಕ್ಟೀಸ್ ಹೊತ್ತಿನಲ್ಲಿ ಮಾತ್ರ, ಹಾಲ್ ಬಾಗಿಲಿಗೆ ಮಾತ್ರ ಕೆಲಸ ಮಾಡುವ ಹಾಗೆ ಇಡಬಹುದು. ಬಾಡಿಗೆಯವರಿಗೆ ಆ ಸಂಜೆಗಷ್ಟೇ ಒಂದು ಕೋಡ್.

ಆದರೆ ಅಗ್ಗದ 125 ಕಿಲೋಹರ್ಟ್ಸ್ ಟ್ಯಾಗ್ ಬೇಡವೇ ಬೇಡ. ಅಂಗೈಯಲ್ಲಿ ಹಿಡಿಯುವ ಸಣ್ಣ ಯಂತ್ರ ಸಿಗುತ್ತದೆ, ಟ್ಯಾಗ್ ಪಕ್ಕ ಹಿಡಿದರೆ ಕೆಲವೇ ಸೆಕೆಂಡಲ್ಲಿ ನಕಲು. ಮೈಫೇರ್ ಕ್ಲಾಸಿಕ್ ಅಂತ ಒಂದು ಬಹಳ ಓಡಿದ ಕಾರ್ಡ್. ಅದರ ರಹಸ್ಯ ಲೆಕ್ಕವನ್ನು 2008ರಲ್ಲೇ ನೆದರ್‌ಲ್ಯಾಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ಬಿಚ್ಚಿಟ್ಟರು. ಆಮೇಲೂ ಅದನ್ನೇ ಮಾರುತ್ತಾರೆ. ಕೇಳುವುದಾದರೆ ಅಷ್ಟು ಸುಲಭಕ್ಕೆ ನಕಲಾಗದ ಡೆಸ್‌ಫೈರ್ ಅನ್ನೋ ಮಾದರಿಯ ಕಾರ್ಡ್ ಕೇಳಿ.

ಬೀಗದ ಕೆಲಸದವ

ಸ್ವಾಮಿ, ಚರ್ಚ್‌ಗೆ ಬರುವ ಕಳ್ಳ ಕಾರ್ಡ್ ನಕಲು ಮಾಡುತ್ತಾ ಕೂರುತ್ತಾನಾ? ತೆರೆದಿಟ್ಟ ಟಾಯ್ಲೆಟ್ ಕಿಟಕಿಯಿಂದ ಬರುತ್ತಾನೆ.

ವೈರಿಂಗ್ ಅಣ್ಣ

ಕಳ್ಳನಿಗೋಸ್ಕರ ಹೇಳಿದ್ದಲ್ಲ. "ನನ್ನ ಟ್ಯಾಗನ್ನ ನನ್ನ ಮಗನಿಗೂ ಒಂದು ಮಾಡಿಸಿಕೊಟ್ಟೆ" ಅನ್ನುವ ಸ್ವಂತ ಸದಸ್ಯರಿಗೋಸ್ಕರ ಹೇಳಿದ್ದು. ಎಷ್ಟು ಕೀ ಹೊರಗಿವೆ ಅಂತ ಗೊತ್ತಿಲ್ಲದ ಸ್ಥಿತಿ ಬಂದಿದ್ದೇ ಹಾಗೆ ಅಲ್ವಾ?

ಲೆಕ್ಕದ ಪುಸ್ತಕ

ಹೊರಗಿನ ಕಳ್ಳರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವವರಿಗೆ ನಾನು ಸ್ಯಾಂಟಿಯಾಗೊ ಡಿ ಕಾಂಪೋಸ್ಟೆಲಾ ಕತೆ ಹೇಳುತ್ತೇನೆ. ಸ್ಪೇನಿನ ಆ ದೊಡ್ಡ ಕ್ಯಾಥೆಡ್ರಲ್‌ನಲ್ಲಿ 12ನೇ ಶತಮಾನದ ಕೋಡೆಕ್ಸ್ ಕ್ಯಾಲಿಕ್ಸ್ಟಿನಸ್ ಅನ್ನೋ ಹಸ್ತಪ್ರತಿ ಇತ್ತು. ಬೆಲೆ ಕಟ್ಟಲಾಗದ್ದು. 2011ರ ಜುಲೈನಲ್ಲಿ ನೋಡಿದರೆ ತಿಜೋರಿಯಲ್ಲಿ ಪುಸ್ತಕ ಇಲ್ಲ. ಬಾಗಿಲು ಒಡೆದ ಗುರುತಿಲ್ಲ. ತಿಜೋರಿಯ ಕೀ ತಿಜೋರಿಗೇ ಸಿಕ್ಕಿಸಿಟ್ಟಿತ್ತು. ಎಲ್ಲರೂ ಅಂತರರಾಷ್ಟ್ರೀಯ ಕಲಾಚೋರರ ಜಾಲ ಅಂದುಕೊಂಡರು.

ವರ್ಷ ಕಳೆದು 2012ರ ಜುಲೈನಲ್ಲಿ ಸಿಕ್ಕಿದ್ದು ಎಲ್ಲಿ? ಹತ್ತಿರದಲ್ಲೇ ಒಂದು ಗ್ಯಾರೇಜಿನಲ್ಲಿ. ತೆಗೆದುಕೊಂಡು ಹೋಗಿದ್ದವನು ಅದೇ ಕ್ಯಾಥೆಡ್ರಲ್‌ನಲ್ಲಿ ಬಹಳ ವರ್ಷ ಕೆಲಸ ಮಾಡಿ ಬಿಟ್ಟಿದ್ದ ಎಲೆಕ್ಟ್ರಿಷಿಯನ್. ಕಟ್ಟಡದ ಕೀಗಳು ಅವನ ಹತ್ತಿರವೇ ಇದ್ದವು. ಮನೆಯಲ್ಲಿ ದುಡ್ಡಿನ ಕಂತೆಗಳೂ ಸಿಕ್ಕವು, ಹತ್ತು ಲಕ್ಷ ಯೂರೋಗಿಂತ ಹೆಚ್ಚು. 2015ರಲ್ಲಿ 10 ವರ್ಷ ಶಿಕ್ಷೆ ಆಯಿತು.

ಕೆಲಸ ಬಿಟ್ಟವರಿಂದ ಕೀ ವಾಪಸ್ ಇಸಿದುಕೊಳ್ಳೋದು ಮುಜುಗರ ಅನಿಸುತ್ತದೆ. ಆ ಮುಜುಗರಕ್ಕೆ ಅವರು ತೆತ್ತ ಬೆಲೆ ಅದು.

ಕಲೆ ಹುಚ್ಚು

ಅವರಿಗೆ ವಾಪಸ್ಸಾದರೂ ಸಿಕ್ಕಿತು! ಬೆಲ್ಜಿಯಂನ ಗೆಂಟ್‌ನಲ್ಲಿ ಸೇಂಟ್ ಬಾವೊ ಕ್ಯಾಥೆಡ್ರಲ್‌ನಿಂದ 1934ರ ಏಪ್ರಿಲ್‌ನಲ್ಲಿ ಬಲಿಪೀಠದ ಚಿತ್ರದ ಎರಡು ಫಲಕ ಕದ್ದರು. ಒಂದು ವಾಪಸ್ ಬಂತು. "ನ್ಯಾಯವಂತ ನ್ಯಾಯಾಧೀಶರು" ಅನ್ನುವ ಫಲಕ ಇವತ್ತಿಗೂ ಪತ್ತೆ ಇಲ್ಲ. ನ್ಯಾಯಾಧೀಶರೇ ಕಳವಾಗಿದ್ದಾರೆ ನೋಡಿ. ಈಗ ಅಲ್ಲಿರುವುದು ನಕಲು. ಪಲೆರ್ಮೊದಲ್ಲಿ 1969ರಲ್ಲಿ ಕರವಾಜಿಯೊ ಚಿತ್ರ...

ಬೀಗದ ಕೆಲಸದವ

ಕಲೆ ಅವರೇ, ಇವರ ಹಿಂದಿನ ಬಾಗಿಲು ತೆರೆದೇ ಇದೆ. ಮೊದಲು ಅದನ್ನ ಮುಚ್ಚೋಣ.

ಅಗ್ನಿಶಾಮಕ ನಿವೃತ್ತ

ಮುಚ್ಚುವ ಮಾತು ಬಂತಲ್ಲ, ನಾನೂ ಮಾತಾಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನೀವೆಲ್ಲ ಒಳಗೆ ಬರುವವರ ಬಗ್ಗೆ ಮಾತಾಡುತ್ತಿದ್ದೀರಿ. ಹೊರಗೆ ಹೋಗುವವರ ಬಗ್ಗೆ ಒಬ್ಬರೂ ಹೇಳಿಲ್ಲ. 1863ರ ಡಿಸೆಂಬರ್ 8. ಚಿಲಿ ದೇಶದ ಸ್ಯಾಂಟಿಯಾಗೊದಲ್ಲಿ ಕಂಪಾನ್ಯಾ ಚರ್ಚ್. ಹಬ್ಬದ ರಾತ್ರಿ, ತುಂಬಿ ತುಳುಕುವ ಜನ, ಜಾಸ್ತಿ ಹೆಂಗಸರು, ಎಲ್ಲೆಲ್ಲೂ ದೀಪ. ಬೆಂಕಿ ಹತ್ತಿತು. ಬಾಗಿಲುಗಳು ಒಳಮುಖವಾಗಿ ತೆರೆಯುವಂಥವು. ಮುಂದಿದ್ದವರು ಬಾಗಿಲಿಗೆ ಒತ್ತಿಕೊಂಡರು, ಹಿಂದಿದ್ದವರು ಅವರ ಮೇಲೆ ಬಿದ್ದರು, ಬಾಗಿಲು ಎಳೆಯಲು ಜಾಗವೇ ಉಳಿಯಲಿಲ್ಲ. ಸತ್ತವರು 2 ರಿಂದ 3 ಸಾವಿರ.

ಇನ್ನೊಂದು ದುರಂತ ನಡೆದದ್ದು ಚರ್ಚ್‌ನಲ್ಲಲ್ಲ, ಆದರೂ ನಿಮ್ಮ ವಿಷಯಕ್ಕೆ ನೇರ ಸಂಬಂಧ. ಇಂಗ್ಲೆಂಡಿನ ಸಂಡರ್‌ಲ್ಯಾಂಡ್, ವಿಕ್ಟೋರಿಯಾ ಹಾಲ್, 1883ರ ಜೂನ್ 16. ಮಕ್ಕಳ ಪ್ರದರ್ಶನ. ಮೆಟ್ಟಿಲ ಬುಡದ ಬಾಗಿಲನ್ನು ಒಂದೊಂದೇ ಮಗು ನುಸುಳುವಷ್ಟು ಮಾತ್ರ ತೆರೆದು ಚಿಲಕ ಹಾಕಿದ್ದರು. ಯಾಕೆ? ಟಿಕೆಟ್ ನೋಡಿ ಬಿಡೋಕೆ ಅನುಕೂಲ ಅಂತ. ವೇದಿಕೆಯಲ್ಲಿ ಉಡುಗೊರೆ ಹಂಚುತ್ತಿದ್ದಾರೆ ಅಂತ ಮೇಲಿನ ಮಕ್ಕಳೆಲ್ಲ ಒಟ್ಟಿಗೆ ಇಳಿದರು. 183 ಮಕ್ಕಳು ಆ ಬಾಗಿಲ ಹಿಂದೆ ಉಸಿರುಕಟ್ಟಿ ಹೋದರು. ತಳ್ಳಿದರೆ ತೆರೆಯುವ ಅಡ್ಡಪಟ್ಟಿ ಇದೆಯಲ್ಲ, ನಾವು ಪ್ಯಾನಿಕ್ ಬಾರ್ ಅನ್ನುವುದು, ಅದರ ಹಳೆ ರೂಪಕ್ಕೆ 1892ರಲ್ಲಿ ಪೇಟೆಂಟ್ ಸಿಕ್ಕಿದ್ದರ ಹಿಂದೆ ಈ ದುರಂತ ಇದೆ.

ಹಾಗಾಗಿ ಯಾವ ಬೀಗ ಬೇಕಾದರೂ ಹಾಕಿ. ಒಳಗಿನಿಂದ ಕೀ ಇಲ್ಲದೆ, ಕಾರ್ಡ್ ಇಲ್ಲದೆ, ಕತ್ತಲಲ್ಲಿ, ಒಂದೇ ತಳ್ಳಿಗೆ ತೆರೆಯಬೇಕು. ಆರಾಧನೆ ಹೊತ್ತಿನಲ್ಲಿ "ತಡವಾಗಿ ಬರುವವರು ಮುಂದಿನ ಬಾಗಿಲಿಂದ ಬರಲಿ" ಅಂತ ಪಕ್ಕದ ಬಾಗಿಲಿಗೆ ಸರಪಳಿ ಸುತ್ತಿರುವುದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ಒಳಗೆ ಜನ ತುಂಬಿದ್ದಾಗ!

ಹೊಸ ಸೆಕ್ರೆಟರಿ

ಸರ್, ನಮ್ಮದೂ ಒಳಮುಖ ಬಾಗಿಲೇ. ಹಳೆ ಮರದ್ದು, ಬದಲಿಸಲು ಬಿಡುವುದಿಲ್ಲ.

ಅಗ್ನಿಶಾಮಕ ನಿವೃತ್ತ

ಹಳೆ ಕಟ್ಟಡಗಳಲ್ಲಿ ಅದು ಸಾಮಾನ್ಯ. ಜನ ಒಳಗಿರುವಷ್ಟು ಹೊತ್ತೂ ಆ ಬಾಗಿಲನ್ನು ಪೂರ್ತಿ ತೆರೆದು ಗೋಡೆಗೆ ಕೊಕ್ಕೆ ಹಾಕಿಡಿ. ಚಳಿ, ಗಾಳಿ, ಸದ್ದು ಅಂದರೆ ಅದರ ಒಳಗೆ ಹೊರಮುಖ ತೆರೆಯುವ ಹಗುರ ಬಾಗಿಲು ಹಾಕಿಸಬಹುದು. ನಿಮ್ಮಲ್ಲಿನ ಅಗ್ನಿಶಾಮಕ ಇಲಾಖೆಯವರನ್ನು ಒಮ್ಮೆ ಕರೆದು ತೋರಿಸಿ. ಕರೆದರೆ ಖುಷಿಯಿಂದ ಬರುತ್ತಾರೆ. ಕರೆಯದೇ ಬರುವ ದಿನ ಬರುವುದು ಬೇಡ.

ಕಾಯರ್ ಆಲ್ಟೊ

ಮ್ಯಾಗ್ನೆಟ್ ಲಾಕ್ ಇದ್ದರೆ ಕರೆಂಟ್ ಹೋದಾಗ ಒಳಗೆ ಸಿಕ್ಕಿಬೀಳುತ್ತೇವಾ? ನನಗೆ ಅದೇ ಭಯ.

ವೈರಿಂಗ್ ಅಣ್ಣ

ಉಲ್ಟಾ ಮೇಡಂ. ಮ್ಯಾಗ್ನೆಟ್ ಹಿಡಿದುಕೊಂಡಿರುವುದೇ ಕರೆಂಟಿನಿಂದ. ಕರೆಂಟ್ ಹೋದರೆ ಬಿಟ್ಟುಕೊಳ್ಳುತ್ತದೆ. ಫೈರ್ ಅಲಾರಂ ಹೊಡೆದರೂ ಬಿಡುವ ಹಾಗೆ ವೈರ್ ಜೋಡಿಸಿರಬೇಕು. ತೊಂದರೆ ಬೇರೆ ಇದೆ: ಬ್ಯಾಟರಿ ಇಲ್ಲದಿದ್ದರೆ ಕರೆಂಟ್ ಹೋದ ರಾತ್ರಿ ಕಟ್ಟಡವೆಲ್ಲ ಬಟಾಬಯಲು.

ಅದಕ್ಕೆ ಹೊರಬಾಗಿಲಿಗೆ ನನ್ನ ಆಯ್ಕೆ ಎಲೆಕ್ಟ್ರಿಕ್ ಸ್ಟ್ರೈಕ್. ಚೌಕಟ್ಟಿನಲ್ಲಿ ಕೂರುವ ಸಣ್ಣ ಸಾಧನ. ಸರಿಯಾದ ಮಾದರಿ ತಗೊಂಡರೆ ಕರೆಂಟ್ ಹೋದರೂ ಹೊರಗಿನಿಂದ ಬೀಗ ಹಾಗೇ ಇರುತ್ತದೆ. ಒಳಗಿನಿಂದ ಹಿಡಿಕೆ ತಿರುಗಿಸಿದರೆ ಯಾವಾಗಲೂ ತೆರೆಯುತ್ತದೆ, ಅದಕ್ಕೆ ವಿದ್ಯುತ್ ಬೇಕಿಲ್ಲ. ಇನ್ನೊಂದು ವಿಷಯ, ಬಾಗಿಲು ತೆರೆಯಬೇಕಾ ಅಂತ ತೀರ್ಮಾನಿಸುವ ಕಂಟ್ರೋಲರ್ ಪೆಟ್ಟಿಗೆ ಬಾಗಿಲ ಒಳಭಾಗದಲ್ಲಿ ಇರಲಿ. ಕೆಲವರು ಕಾರ್ಡ್ ಓದುವ ರೀಡರ್ ಮತ್ತು ಕಂಟ್ರೋಲರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದನ್ನು ಹೊರಗೋಡೆಗೆ ಹಾಕಿಸುತ್ತಾರೆ. ಸ್ಕ್ರೂ ಬಿಚ್ಚಿ ಎರಡು ವೈರ್ ಮುಟ್ಟಿಸಿದರೆ ಬಾಗಿಲು ತೆರೆಯಿತು.

ಹಳೆ ಟ್ರಸ್ಟಿ

ಎಲ್ಲಾ ಸರಿ. ಆದರೆ ಚರ್ಚ್ ಬಾಗಿಲು ತೆರೆದಿರಬೇಕು. ದಾರಿಯಲ್ಲಿ ಹೋಗುವವನಿಗೆ ಒಂದು ಕ್ಷಣ ಒಳಗೆ ಕೂತು ಹೋಗಬೇಕು ಅನಿಸಿದಾಗ ಕಾರ್ಡ್ ಕೇಳುವುದಾ? ಬ್ಯಾಂಕ್ ಆಗಿಬಿಡುತ್ತದೆ.

ಸಂಜೆ ಪಾಳಿ

ಹಿರಿಯರು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಹಗಲಲ್ಲಿ ತೆರೆದಿಟ್ಟು ಜನ ಬಂದು ಹೋಗುತ್ತಿದ್ದರೆ ಕಣ್ಣುಗಳು ಜಾಸ್ತಿ. ಹೂವು ಜೋಡಿಸುವವರು, ಗುಡಿಸುವವರು, ಪ್ರಾರ್ಥನೆಗೆ ಕೂತವರು, ಯಾರೋ ಒಬ್ಬರು ಇದ್ದೇ ಇರುತ್ತಾರೆ. ಆ ನಡುವೆ ಕೂತು ಕಾಣಿಕೆ ಡಬ್ಬಿ ಕೀಳುವ ಧೈರ್ಯ ಯಾರಿಗೂ ಬರುವುದಿಲ್ಲ.

ಆದರೆ ಪ್ರಾರ್ಥನೆಯ ಜಾಗ ತೆರೆದಿಡಲು ಇಡೀ ಕಟ್ಟಡ ತೆರೆದಿಡಬೇಕಾಗಿಲ್ಲ. ಹೊರಗಿನ ಬಾಗಿಲು, ಪ್ರಾರ್ಥನಾ ಸ್ಥಳ, ಒಂದು ಟಾಯ್ಲೆಟ್: ಎಲ್ಲರಿಗೂ. ಹಾಲ್, ಅಡುಗೆಮನೆ: ಆ ಹೊತ್ತಿಗೆ ಬುಕ್ ಮಾಡಿದವರಿಗೆ. ಆಫೀಸು, ವೆಸ್ಟ್ರಿ (ಆರಾಧನೆಯ ಉಡುಪು, ಪಾತ್ರೆ ಇಡುವ ಕೋಣೆ), ಗಂಟೆಗೋಪುರ, ಸೌಂಡ್ ರೂಮ್: ಹೆಸರಿದ್ದವರಿಗೆ ಮಾತ್ರ. ಹೀಗೆ ಭಾಗ ಮಾಡಿದರೆ ಹಿರಿಯರಿಗೂ ಬೇಜಾರಿಲ್ಲ. ಬೆಳ್ಳಿ ಪಾತ್ರೆಗಳನ್ನು ಬಲಿಪೀಠದ ಮೇಲೇ ಬಿಟ್ಟು ಹೋಗಬಾರದು ಅಷ್ಟೇ.

ಹಳೆ ಟ್ರಸ್ಟಿ

ಇದಕ್ಕೆ ನನ್ನ ತಕರಾರಿಲ್ಲ. ವೆಸ್ಟ್ರಿಗೆ ಬೀಗ ಮೊದಲಿಂದಲೂ ಇತ್ತು.

ಭಾನುವಾರ ಶಾಲೆ ಟೀಚರ್

ಮಕ್ಕಳ ವಿಷಯ ಯಾರೂ ಎತ್ತಲಿಲ್ಲ. ನನ್ನ ಪ್ರಕಾರ ದುಡ್ಡು ಒಂದಕ್ಕೇ ಇದ್ದರೆ ಮಕ್ಕಳ ಕೋಣೆಗೆ ಹಾಕಿ.

ನಮ್ಮಲ್ಲಿ ಮಗುವನ್ನು ಬಿಡುವಾಗ ಒಂದೇ ನಂಬರಿನ ಎರಡು ಚೀಟಿ. ಒಂದು ಮಗುವಿನ ಬೆನ್ನಿಗೆ ಅಂಟಿಸುತ್ತೇವೆ. ಎದೆಗೆ ಅಂಟಿಸಿದರೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ! ಇನ್ನೊಂದು ಬಿಟ್ಟವರ ಕೈಗೆ. ನಂಬರ್ ಹೊಂದಿದರೆ ಮಾತ್ರ ಮಗು ಹೊರಗೆ. ಚೀಟಿಯಲ್ಲಿ ಮಗುವಿನ ಪೂರ್ತಿ ಹೆಸರು ಬೇಡ, ದಾರಿಹೋಕನಿಗೆ ಹೆಸರು ಹಿಡಿದು ಕರೆಯುವ ಅವಕಾಶ ಯಾಕೆ?

ಕಷ್ಟ ಬರುವುದು ಪರಿಚಯದವರಿಂದಲೇ. ಒಮ್ಮೆ ಒಬ್ಬ ತಾತ ಬಂದರು. ಸಭೆಗೆಲ್ಲ ಗೊತ್ತಿರುವವರು, ಮುಂದಿನ ಸಾಲಿನಲ್ಲೇ ಕೂರುವವರು. ಚೀಟಿ ಇಲ್ಲ. "ನನ್ನ ಮೊಮ್ಮಗಳನ್ನ ನನಗೇ ಕೊಡೋದಿಲ್ವಾ?" ಅಂತ ದನಿ ಏರಿಸಿದರು. ಬಾಗಿಲಲ್ಲಿದ್ದ ಹುಡುಗಿ ಅತ್ತೇ ಬಿಡುವ ಹಾಗಿದ್ದಳು, ಆದರೂ ಬಿಡಲಿಲ್ಲ. ತಾಯಿಗೆ ಫೋನ್ ಮಾಡಿದರೆ, ಆ ಮನೆಯಲ್ಲಿ ಮಗು ಯಾರ ಹತ್ತಿರ ಇರಬೇಕು ಅನ್ನೋ ಜಗಳ ಕೋರ್ಟಿನಲ್ಲಿದೆ. ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಆಮೇಲಿಂದ ಪಾಸ್ಟರ್ ಮಗುವಿಗೂ ಚೀಟಿ, ಪಾಸ್ಟರ್‌ಗೂ ಚೀಟಿ.

ಜೊತೆಗೆ ಯಾವ ಕೋಣೆಯಲ್ಲೂ ಒಬ್ಬರೇ ದೊಡ್ಡವರು ಇರಬಾರದು, ಇಬ್ಬರು ಬೇಕು. ಗಂಡ ಹೆಂಡತಿ ಇಬ್ಬರೇ ಇದ್ದರೆ ಅದನ್ನು ಇಬ್ಬರು ಅಂತ ಲೆಕ್ಕ ಹಿಡಿಯುವುದಿಲ್ಲ. ಬಾಗಿಲಿಗೆ ಗಾಜಿನ ಕಿಂಡಿ ಇರಲಿ. ಅದರ ಮೇಲೆ ಚಿತ್ರ ಅಂಟಿಸುವವರ ಮೇಲೆ ಕಣ್ಣಿಡಿ.

ಲೆಕ್ಕದ ಪುಸ್ತಕ

ಟೀಚರಮ್ಮನ ಗಂಡ ಹೆಂಡತಿ ನಿಯಮ ಕಾಣಿಕೆ ಎಣಿಸುವುದಕ್ಕೂ ಅನ್ವಯ. ಎಣಿಸುವವರು ಇಬ್ಬರು, ಒಂದೇ ಮನೆಯವರಲ್ಲ, ಪಾಳಿ ಬದಲಾಗುತ್ತಿರಬೇಕು. ಎಣಿಸಿದ ಕೂಡಲೇ ನಂಬರಿರುವ, ಒಮ್ಮೆ ಮುಚ್ಚಿದರೆ ಹರಿಯದೆ ತೆರೆಯಲಾಗದ ಚೀಲಕ್ಕೆ. ಬ್ಯಾಂಕಿಗೆ ಹೋಗುವ ಹೊತ್ತು, ದಾರಿ ಪ್ರತಿವಾರ ಒಂದೇ ಆಗಿರಬಾರದು. ತಿಜೋರಿ ಇದ್ದರೆ ನೆಲಕ್ಕೆ ಬೋಲ್ಟ್ ಹಾಕಿಸಿ. ಚಿಕ್ಕ ತಿಜೋರಿ ಅಂದರೆ ಕಳ್ಳನಿಗೆ ಹೊತ್ತೊಯ್ಯಲು ಅನುಕೂಲವಾಗಿ ಪ್ಯಾಕ್ ಮಾಡಿಕೊಟ್ಟ ಹಾಗೆ.

ಸಂಜೆ ಪಾಳಿ

ಹಿಂದಿನ ಬಾಗಿಲ ವಿಷಯಕ್ಕೆ ಬರುತ್ತೇನೆ. "ಕೊನೆಗೆ ಹೋದವರು" ಅನ್ನೋದು ಒಂದು ಹುದ್ದೆ ಆಗಬೇಕು. ಪ್ರತಿ ರಾತ್ರಿಗೆ ಒಂದು ಹೆಸರು, ಬೋರ್ಡಿನ ಮೇಲೆ. ಕಾಯರ್ ತಡವಾದರೆ ಕಾಯರ್ ಲೀಡರ್ ಆ ಹೊಣೆಯನ್ನು ಮಾತಾಡಿ ತಗೊಳ್ಳಬೇಕು, ಸುಮ್ನೆ ಊಹೆ ಮಾಡಿಕೊಂಡು ಹೋಗಬಾರದು.

ಮುಚ್ಚುವ ಸುತ್ತು ಅಂದರೆ ಬೀಗ ಎಳೆದು ನೋಡುವುದಷ್ಟೇ ಅಲ್ಲ. ಒಳಗೆ ಯಾರಾದರೂ ಉಳಿದಿದ್ದಾರಾ ನೋಡಬೇಕು. ಟಾಯ್ಲೆಟ್, ಆರ್ಗನ್ ವಾದ್ಯದ ಹಿಂದೆ, ಬಾಲ್ಕನಿ ಬೆಂಚುಗಳ ನಡುವೆ, ಪಾಪನಿವೇದನೆಯ ಪೀಠ, ಗೋಪುರದ ಮೆಟ್ಟಿಲು. ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಅಬೆಯಿಂದ 1950ರ ಕ್ರಿಸ್‌ಮಸ್ ಬೆಳಗಿನ ಜಾವ ಸ್ಕಾಟ್ಲೆಂಡಿನ ನಾಲ್ಕು ವಿದ್ಯಾರ್ಥಿಗಳು 152 ಕಿಲೋ ತೂಕದ ಪಟ್ಟಾಭಿಷೇಕದ ಕಲ್ಲನ್ನೇ ಎತ್ತಿಕೊಂಡು ಹೋದರಲ್ಲ. ಅದಕ್ಕೂ ಮೊದಲು ಅವರಲ್ಲೊಬ್ಬ ಮುಚ್ಚುವ ಹೊತ್ತಿಗೆ ಒಳಗೆ ಅಡಗಿ ಕೂತಿದ್ದ. ಕಾವಲುಗಾರ ಹಿಡಿದ. ಏನೋ ಸಬೂಬು ಹೇಳಿದ, ಪಾಪ ಅಂತ ಹೊರಗೆ ಕಳಿಸಿದರು. ಮತ್ತೆ ಬಂದು ಪಕ್ಕದ ಬಾಗಿಲು ಒಡೆದು ಕಲ್ಲು ಒಯ್ದರು.

ಕಲೆ ಹುಚ್ಚು

ಎಳೆಯುವಾಗ ಕಲ್ಲು ಎರಡು ತುಂಡಾಯಿತು! ಅದನ್ನ ಹೇಳಲೇ ಇಲ್ಲ.

ಕಾಯರ್ ಆಲ್ಟೊ

ಗೋಪುರದ ಮೆಟ್ಟಿಲು ಅಂದಿರಲ್ಲ, ನಮ್ಮ ಟೆನರ್ (ಎತ್ತರದ ಗಂಡು ದನಿಯಲ್ಲಿ ಹಾಡುವವರು) ಒಬ್ಬರು ಫೋನ್‌ನಲ್ಲಿ ಮಾತಾಡುತ್ತಾ ಅಲ್ಲಿ ಕೂತಿದ್ದಾಗ ಬೀಗ ಹಾಕಿಕೊಂಡು ಹೋಗಿಬಿಟ್ಟಿದ್ದರು. ಕೊನೆಗೆ ಗಂಟೆ ಬಾರಿಸಿ ಜನರನ್ನ ಕರೆದರು. ಈಗಲೂ ಅವರನ್ನ ಹಬ್ಬದ ಗಂಟೆ ಅಂತಲೇ ಕರೆಯುವುದು.

ಕ್ಯಾಲೆಂಡರ್ ನಿರ್ವಾಹಕಿ

ಬಾಗಿಲನ್ನು ಟೈಮರ್‌ಗೆ ಹಾಕುವವರಿಗೆ ಒಂದು ಕಿವಿಮಾತು. ನಾವು ರೂಮ್ ಬುಕಿಂಗ್ ಕ್ಯಾಲೆಂಡರನ್ನು ಬಾಗಿಲಿಗೆ ಜೋಡಿಸಿದೆವು. ಪ್ರಾಕ್ಟೀಸ್ ಹೊತ್ತಿಗೆ ಬಾಗಿಲು ತಾನೇ ತೆರೆದುಕೊಳ್ಳುತ್ತಿತ್ತು. ಒಂದು ಸಂಜೆ ಪ್ರಾಕ್ಟೀಸ್ ರದ್ದಾಯಿತು, ಎಲ್ಲರಿಗೂ ಮೆಸೇಜ್ ಹೋಯಿತು, ಬಾಗಿಲಿಗೆ ಮಾತ್ರ ಯಾರೂ ಹೇಳಲಿಲ್ಲ. ಅದು ಪಾಪ ಹೊತ್ತಿಗೆ ಸರಿಯಾಗಿ ತೆರೆದು, ಖಾಲಿ ಕಟ್ಟಡವನ್ನು ಊರಿಗೆಲ್ಲ ತೋರಿಸುತ್ತಾ ನಿಂತಿತ್ತು.

ಒಳ್ಳೆಯ ಸಿಸ್ಟಮ್‌ಗಳಲ್ಲಿ ಇದಕ್ಕೆ ಒಂದು ಆಯ್ಕೆ ಇರುತ್ತದೆ. ಹೊತ್ತಾದ ಮಾತ್ರಕ್ಕೆ ತೆರೆಯುವುದಿಲ್ಲ. ಹೊಣೆ ಇರುವ ಒಬ್ಬರು ಬಂದು ತಮ್ಮ ಕಾರ್ಡ್ ತೋರಿಸಿದ ಮೇಲಷ್ಟೇ ಉಳಿದವರಿಗೆ ತೆರೆದುಕೊಳ್ಳುತ್ತದೆ. ಹಾಕುವವರು ತಾವಾಗಿ ಹೇಳುವುದಿಲ್ಲ, ನೀವೇ ಕೇಳಿ ಆನ್ ಮಾಡಿಸಬೇಕು.

ಸುಮ್ನೆ ಓದುವವ

ಇಷ್ಟೆಲ್ಲ ಮಾಡಿ ಆಮೇಲೆ ಯಾರೋ ಒಬ್ಬರು ಕುರ್ಚಿ ಒಳಗೆ ತರುವಾಗ ಬಾಗಿಲಿಗೆ ಇಟ್ಟಿಗೆ ಇಡುತ್ತಾರೆ. ಆ ಇಟ್ಟಿಗೆ ಅಲ್ಲೇ ಇರುತ್ತದೆ. ಎಲ್ಲ ಚರ್ಚ್‌ನಲ್ಲೂ ಆ ಇಟ್ಟಿಗೆ ಇದೆ.

ವೈರಿಂಗ್ ಅಣ್ಣ

ಹ್ಹ ಹ್ಹ, ನಿಜ. ಅದಕ್ಕೆ ಬಾಗಿಲು ಹೆಚ್ಚು ಹೊತ್ತು ತೆರೆದಿದ್ದರೆ ಕೂಗುವ ಬಜರ್ ಇದೆ. ಬಾಗಿಲನ್ನು ತಾನಾಗಿ ಎಳೆದು ಮುಚ್ಚುವ ಡೋರ್ ಕ್ಲೋಸರ್ ಸರಿ ಇದೆಯಾ ಅಂತಲೂ ನೋಡಿ. ಎಣ್ಣೆ ಸೋರಿದ ಕ್ಲೋಸರ್ ಬಾಗಿಲನ್ನು ಕೊನೆಯ ಒಂದು ಇಂಚು ಎಳೆಯುವುದಿಲ್ಲ, ಬೀಗದ ನಾಲಿಗೆ ಚೌಕಟ್ಟಿನ ಕಂಡಿಗೆ ಬೀಳುವುದಿಲ್ಲ. ಸೆಕ್ರೆಟರಿಯವರೇ, ನಿಮ್ಮ ಹಿಂದಿನ ಬಾಗಿಲ ಕತೆಯೂ ಅದೇ ಇರಬಹುದು. ಇವತ್ತೇ ಬಾಗಿಲನ್ನ ಮೆಲ್ಲಗೆ ಬಿಟ್ಟು ನೋಡಿ, ತಾನಾಗಿ ಟಕ್ ಅನ್ನುತ್ತದಾ ಅಂತ.

ಸ್ವಾಗತ ತಂಡ

ದೊಡ್ಡ ಅಪಾಯದ ಬಗ್ಗೆ ಮಾತಾಡಲು ಯಾರಿಗೂ ಇಷ್ಟವಿಲ್ಲ, ಆದರೂ. 2015ರ ಜೂನ್ 17ರಂದು ಅಮೆರಿಕದ ಚಾರ್ಲ್ಸ್‌ಟನ್‌ನ ಇಮ್ಯಾನುಯೆಲ್ ಚರ್ಚ್‌ನಲ್ಲಿ ಕೊಲೆಗಾರ ಬೈಬಲ್ ಅಧ್ಯಯನದಲ್ಲಿ ಎಲ್ಲರ ಜೊತೆ ಸುಮಾರು ಒಂದು ಗಂಟೆ ಕೂತಿದ್ದ. ಜಾಗ ಕೊಟ್ಟು ಕೂರಿಸಿಕೊಂಡಿದ್ದರು. ಒಂಬತ್ತು ಜನ ಸತ್ತರು. ಅಲ್ಲಿ ಯಾವ ಬೀಗವೂ ತಡೆಯುತ್ತಿರಲಿಲ್ಲ.

ಇನ್ನೊಂದು ಕಡೆ, 2019ರ ಏಪ್ರಿಲ್ 21, ಈಸ್ಟರ್ ಭಾನುವಾರ, ಶ್ರೀಲಂಕಾದ ಬಟ್ಟಿಕಲೋವಾ. ಜಿಯೋನ್ ಚರ್ಚ್ ಅಂಗಳದಲ್ಲಿ ದೊಡ್ಡ ಚೀಲ ಹೊತ್ತ ಅಪರಿಚಿತನನ್ನು ಸಭೆಯ ಒಬ್ಬರು ತಡೆದು ಮಾತಾಡಿಸಿದರು, ಒಳಗೆ ಬಿಡಲಿಲ್ಲ. ಬಾಂಬು ಹೊರಗೇ ಸಿಡಿಯಿತು. ತಡೆದವರೂ ಉಳಿಯಲಿಲ್ಲ, ಮಕ್ಕಳೂ ಸೇರಿ ಬಹಳ ಜನ ಹೋದರು. ತುಂಬಿದ್ದ ಚರ್ಚ್ ಒಳಗೆ ಆಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ಆಗುವುದಿಲ್ಲ.

ನಾನು ಹೇಳುವುದಿಷ್ಟು. ಬಾಗಿಲಲ್ಲಿ ನಿಂತು ಕೈ ಕುಲುಕುವವರೇ ಭದ್ರತೆ. ಆರಾಧನೆ ಶುರುವಾದ ಮೇಲೆ ಅವರೆಲ್ಲ ಒಳಗೆ ಬಂದು ಕೂತುಬಿಡುತ್ತಾರೆ, ಅದು ನಿಲ್ಲಬೇಕು. ಇಬ್ಬರು ಕೊನೆತನಕ ಹೊರಗಿರಲಿ, ಒಬ್ಬರ ಜೇಬಿನಲ್ಲಿ ಫೋನ್ ಚಾರ್ಜ್ ಇರಲಿ.

ಹಳೆ ಟ್ರಸ್ಟಿ

ಹಾಗಂತ ಹೊಸಬರನ್ನೆಲ್ಲ ಅನುಮಾನದಿಂದ ನೋಡುವುದಾ? ಬಟ್ಟೆ ಹರಿದವನನ್ನು ಮೊದಲು ತಡೆಯುತ್ತೀರಿ, ಸೂಟು ಹಾಕಿದವನನ್ನು ಬಿಡುತ್ತೀರಿ. ನೋಡಿದ್ದೇನೆ.

ಸ್ವಾಗತ ತಂಡ

ಅದಕ್ಕೇ ಎಲ್ಲರನ್ನೂ ಮಾತಾಡಿಸಬೇಕು. ಬರೀ ನೋಡಿ ತೀರ್ಮಾನ ಮಾಡಬಾರದು. "ಮೊದಲ ಸಲ ಬರುತ್ತಿದ್ದೀರಾ? ಯಾರನ್ನಾದರೂ ಹುಡುಕುತ್ತಿದ್ದೀರಾ?" ಇಷ್ಟು ಕೇಳಿದರೆ ನಿಜವಾದ ಹೊಸಬರಿಗೆ ಖುಷಿಯಾಗುತ್ತದೆ. ಬೇರೆ ಉದ್ದೇಶದಿಂದ ಬಂದವನಿಗೆ ತನ್ನ ಮುಖ ಒಬ್ಬರಿಗೆ ಗೊತ್ತಾಯಿತು ಅಂತ ಕಸಿವಿಸಿ ಆಗುತ್ತದೆ.

ರಾತ್ರಿ ಸಭೆಯವ

ಸೆಕ್ರೆಟರಿಯವರು ಹೇಳಿದ ಹಾಗೆ ಕುಡಿತ ಬಿಟ್ಟವರ ಸಭೆಗೆ ಹೋಗುವವನು ನಾನು, ಬೇರೆ ಚರ್ಚ್‌ನಲ್ಲಿ. ನಮ್ಮ ಕಡೆಯಿಂದ ಒಂದು ಮಾತು. ಅಲ್ಲಿ ಹೆಸರು ಹೇಳದೇ ಇರುವುದೇ ನಿಯಮ. ನಾವು ಬಳಸುವ ಬಾಗಿಲ ನೆತ್ತಿ ಮೇಲೆ ಕ್ಯಾಮೆರಾ ಬಂತು. ಮುಂದಿನ ವಾರದಿಂದ ಕೆಲವರು ಬರಲೇ ಇಲ್ಲ. ಕೇಳಿದಾಗ ಕಮಿಟಿಯವರು "ನಾವೇನು ನೋಡುತ್ತಾ ಕೂರುತ್ತೇವಾ" ಅಂದರು. ನೋಡದಿದ್ದರೆ ಹಾಕಿದ್ದು ಯಾಕೆ?

ಕಾರ್ಡ್ ಇದ್ದರೆ ಇನ್ನೂ ಕಷ್ಟ. ಯಾರು ಯಾವ ಹೊತ್ತಿಗೆ ಯಾವ ಬಾಗಿಲಿಂದ ಬಂದರು ಅನ್ನೋದು ಪಟ್ಟಿಯಾಗಿ ಉಳಿಯುತ್ತದೆ. ಆಪ್ತಸಲಹೆಗೆ ಬರುವವರ ಪಟ್ಟಿ, ಪಾಸ್ಟರ್ ಹತ್ತಿರ ಮನೆ ಜಗಳ ಹೇಳಿಕೊಳ್ಳಲು ಬರುವವರ ಪಟ್ಟಿ. ಅದನ್ನ ಯಾರು ತೆರೆದು ನೋಡಬಹುದು?

ಕ್ಯಾಲೆಂಡರ್ ನಿರ್ವಾಹಕಿ

ತುಂಬಾ ಮುಖ್ಯವಾದ ಮಾತು. ಯುರೋಪಿನ ಜಿಡಿಪಿಆರ್ ಅನ್ನೋ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು, 2018ರಿಂದ ಜಾರಿಯಲ್ಲಿರುವುದು, ವ್ಯಕ್ತಿಯ ಧಾರ್ಮಿಕ ನಂಬಿಕೆಯನ್ನೇ ವಿಶೇಷ ರಕ್ಷಣೆ ಬೇಕಾದ ಮಾಹಿತಿ ಅಂತ ಬೇರೆ ಇಟ್ಟಿದೆ. ಚರ್ಚ್ ಬಾಗಿಲ ಪಟ್ಟಿ ಅಂದರೆ ಅದೇ ಅಲ್ವಾ?

ನಮ್ಮಲ್ಲಿ ಹೀಗೆ ಮಾಡಿದ್ದೇವೆ: ಆ ಸಭೆಯ ಬಾಗಿಲಿಗೆ ಕಾರ್ಡೂ ಇಲ್ಲ, ಕ್ಯಾಮೆರಾವೂ ಇಲ್ಲ. ಸಭೆ ನಡೆಸುವವರ ಕೈಲಿ ಒಂದು ಕೀ, ಅವರೇ ತೆರೆದು ಅವರೇ ಮುಚ್ಚುತ್ತಾರೆ. ಒಳಗಿನಿಂದ ಉಳಿದ ಕಟ್ಟಡಕ್ಕೆ ಹೋಗುವ ಬಾಗಿಲಿಗೆ ಬೀಗ. ಉಳಿದ ಕ್ಯಾಮೆರಾ ರೆಕಾರ್ಡಿಂಗ್ ಒಂದು ತಿಂಗಳಿಗೆ ತಾನೇ ಅಳಿಯುತ್ತದೆ. ನೋಡಬೇಕಾದರೆ ಇಬ್ಬರು ಸೇರಿ, ಕಾರಣ ಬರೆದು ನೋಡಬೇಕು. ಪ್ರಾರ್ಥನೆಗೆ ಕೂತವರ ಮುಖದ ಕಡೆ ಒಂದು ಕ್ಯಾಮೆರಾವೂ ತಿರುಗಿಲ್ಲ.

ಬೀಗದ ಕೆಲಸದವ

ಮಾಸ್ಟರ್ ಕೀ ಬಗ್ಗೆ ಹೇಳುವುದು ಮರೆಯುವ ಮೊದಲು. ಎಲ್ಲ ಬಾಗಿಲಿಗೂ ಒಂದೇ ಕೀ ಅನ್ನೋ ಆಸೆ ಎಲ್ಲ ಕಮಿಟಿಗೂ ಬರುತ್ತದೆ. ಒಂದಿರಲಿ, ಜಾಸ್ತಿ ಬೇಡ. 2003ರಲ್ಲಿ ಮ್ಯಾಟ್ ಬ್ಲೇಜ್ ಅನ್ನೋ ಕಂಪ್ಯೂಟರ್ ಭದ್ರತೆಯ ಸಂಶೋಧಕರು ಒಂದು ಲೇಖನ ಪ್ರಕಟಿಸಿದರು. ಮಾಮೂಲಿ ಮಾಸ್ಟರ್ ಕೀ ವ್ಯವಸ್ಥೆಯಲ್ಲಿ ಒಂದು ಬಾಗಿಲಿನ ಸಾಧಾರಣ ಕೀ, ಆ ಬೀಗ, ಕೆಲವು ಖಾಲಿ ಕೀ ಇದ್ದರೆ ಸಾಕು, ಅರದಿಂದ ಉಜ್ಜುತ್ತಾ ಪ್ರಯತ್ನಿಸಿ ಮಾಸ್ಟರ್ ಕೀಯನ್ನೇ ಕಂಡುಹಿಡಿಯಬಹುದು ಅಂತ. ನಮ್ಮ ಕಸುಬಿನ ಹಳಬರು "ಇದು ನಮಗೆ ಮೊದಲೇ ಗೊತ್ತಿತ್ತು, ನೀನು ಹೊರಗೆ ಯಾಕೆ ಹೇಳಿದೆ" ಅಂತ ಸಿಟ್ಟಾದರು. ಖಾಲಿ ಕೀ ಸಿಗದ ಹಾಗೆ ಮಾಡುವುದೇ ಅದಕ್ಕೆ ಮದ್ದು, ನಿರ್ಬಂಧಿತ ಪ್ರೊಫೈಲ್ ಅಂದಿದ್ದು ಅದಕ್ಕೇ.

ಸಂಜೆ ಪಾಳಿ

ಬಾಗಿಲುಗಳಿಗೆ ನಂಬರ್ ಹಾಕಿ ಬೋರ್ಡ್ ಬರೆಸಿ. "ಹಿಂದಿನ ಬಾಗಿಲು" ಅಂದರೆ ಕಾಯರ್‌ನವರಿಗೆ ಒಂದು, ಅಡುಗೆಮನೆಯವರಿಗೆ ಇನ್ನೊಂದು. 2019ರಲ್ಲಿ ಪ್ಯಾರಿಸ್‌ನ ನೋತ್ರ ದಾಮ್ ಕ್ಯಾಥೆಡ್ರಲ್‌ಗೆ ಬೆಂಕಿ ಬಿದ್ದಾಗ ಅಲಾರಂ ಬೇಗನೇ ಹೊಡೆದಿತ್ತು. ಆದರೆ ನೋಡಲು ಹೋದವರು ಮೊದಲು ಬೇರೆ ಜಾಗಕ್ಕೆ ಹೋದರು. ಸರಿಯಾದ ಜಾಗ ಅಂತ ಗೊತ್ತಾಗುವ ಹೊತ್ತಿಗೆ ಅರ್ಧ ಗಂಟೆ ಹತ್ತಿರ ಕಳೆದಿತ್ತು.

ಹೊಸ ಸೆಕ್ರೆಟರಿ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ವೈರಿಂಗ್ ಅಣ್ಣ, ನೀವು ಹೇಳಿದ ಹಾಗೆ ಬಾಗಿಲನ್ನ ಮೆಲ್ಲಗೆ ಬಿಟ್ಟು ನೋಡಿದೆ. ಟಕ್ ಅನ್ನಲಿಲ್ಲ! ಕ್ಲೋಸರ್ ಮೈಯೆಲ್ಲ ಎಣ್ಣೆ. ಅದನ್ನ ಬದಲಿಸಲು ಹೇಳಿದ್ದೇನೆ.

ಆರಾಧನೆ ಮುಗಿದ ಮೇಲೆ "ಕೀ ಇದ್ದವರೆಲ್ಲ ತಂದುಕೊಡಿ, ಯಾರನ್ನೂ ಏನೂ ಕೇಳುವುದಿಲ್ಲ" ಅಂತ ಪ್ರಕಟಣೆ ಮಾಡಿಸಿದೆ. ಬಂದ ಕೀಗಳಲ್ಲಿ ಕೆಲವು ಯಾವ ಬಾಗಿಲಿಗೂ ಹೊಂದುತ್ತಿಲ್ಲ. ಒಬ್ಬ ಅಜ್ಜಿ ತಂದ ಕೀ ಮಾತ್ರ ಪಾಸ್ಟರ್ ಆಫೀಸಿಗೆ ಸಲೀಸಾಗಿ ಹೊಂದಿತು. ಅವರು ಯಾವಾಗಲೋ ಹೂದಾನಿ ಇಡೋಕೆ ಇಸಿದುಕೊಂಡಿದ್ದರಂತೆ. ಹೊರಬಾಗಿಲುಗಳಿಗೆ ಹೊಸ ಸಿಲಿಂಡರ್, ಹಾಲ್ ಬಾಗಿಲಿಗೆ ಮಾತ್ರ ಕಾರ್ಡ್, ಕ್ಯಾಮೆರಾ ಈಗ ಬೇಡ ಅಂತ ಕಮಿಟಿ ಒಪ್ಪಿದೆ. ಸಿಲಿಂಡರ್ ಆಗಿ ದುಡ್ಡು ಉಳಿದರೆ ಮಕ್ಕಳ ಕೋಣೆಗೆ ಗಾಜಿನ ಕಿಂಡಿ. ಈಗ ಜಗಳ ಶುರುವಾಗಿರುವುದು ಮಾಸ್ಟರ್ ಕೀ ಯಾರ ಹತ್ತಿರ ಇರಬೇಕು ಅಂತ. ಪಾಸ್ಟರ್ ಹತ್ತಿರವಾ, ಕಮಿಟಿ ಅಧ್ಯಕ್ಷರ ಹತ್ತಿರವಾ?

ಲೆಕ್ಕದ ಪುಸ್ತಕ

ಇಬ್ಬರ ಹತ್ತಿರವೂ ಬೇಡ. ಮುಚ್ಚಿ ಸಹಿ ಹಾಕಿದ ಲಕೋಟೆಯಲ್ಲಿ, ತಿಜೋರಿಯಲ್ಲಿ. ತೆರೆದರೆ ಪುಸ್ತಕದಲ್ಲಿ ಬರೆಯಬೇಕು.

ಸುಮ್ನೆ ಓದುವವ

ತಿಜೋರಿ ಕೀ ಯಾರ ಹತ್ತಿರ?

ಲೆಕ್ಕದ ಪುಸ್ತಕ

ತಿಜೋರಿ ನಂಬರ್ ಲಾಕಿನದ್ದು ತಗೊಳ್ಳಿ ಮಾರಾಯ್ರೇ. ನಂಬರ್ ಇಬ್ಬರಿಗೆ ಗೊತ್ತಿರಲಿ. ಅವರಲ್ಲಿ ಒಬ್ಬರು ಹುದ್ದೆ ಬಿಟ್ಟ ದಿನವೇ ನಂಬರ್ ಬದಲಿಸಿ. ಪಾಸ್ಟರ್ ಹುಟ್ಟಿದ ದಿನಾಂಕ ಇಡಬೇಡಿ, ಅದು ಕ್ಯಾಲೆಂಡರ್‌ನಲ್ಲೇ ಅಚ್ಚಾಗಿರುತ್ತದೆ.

ಕಾಯರ್ ಆಲ್ಟೊ

ಹಾಲ್ ಕಾರ್ಡ್ ಕಾಯರ್‌ಗೆ ಎಷ್ಟು ಕೊಡುತ್ತೀರಿ ಅಂತ ಈಗಲೇ ಬರೆದಿಟ್ಟುಬಿಡಿ ಸೆಕ್ರೆಟರಿಯವರೇ. ಎಲ್ಲ ಟೆನರ್‌ಗಳೂ ತಮಗೊಂದು ಬೇಕು ಅನ್ನುತ್ತಾರೆ.